ಮಡಗುವುದು, ನೋಡಿಕೊಳ್ಳುವುದು

ಕಳೆದ ವರ್ಷ ನನಗೆ ಸಲ್ಲದ ಒಂದು ಕೃತಜ್ಞತೆಯನ್ನು ನಾನು ಸುಮ್ಮನೆ ತಲೆಬಾಗಿ ಸ್ವೀಕರಿಸಿದೆ. ಅದಕ್ಕೂ ಐದು ತಿಂಗಳ ಮೊದಲು, ಮಾಡದ ಒಂದು ತಪ್ಪನ್ನು ಬೇರೊಬ್ಬರ ತಲೆಗೆ ಕಟ್ಟಿದ್ದೆ. ಇವೆರಡಕ್ಕೂ ಸಂಬಂಧವಿಲ್ಲವೆಂದೇ ಅಂದುಕೊಂಡಿದ್ದೆ. ಸಂಬಂಧವನ್ನು ತೋರಿಸಿಕೊಟ್ಟದ್ದು ನಮ್ಮ ವಿಭಾಗದ ಹಿಂದಿನ ಕೋಣೆಯಲ್ಲಿ ಹಗಲು ರಾತ್ರಿ ಗುಂಯ್‌ಗುಡುವ ಒಂದು ಹಳೆಯ ಕಂಪ್ಯೂಟರು. ಅದನ್ನು ನೋಡಿಕೊಳ್ಳುವ ಕೆಲಸದ ಬಗ್ಗೆ, ಅಂದರೆ ಏನೂ ಆಗದಿರಲಿ ಎಂದು ಮಾಡುವ ಕೆಲಸದ ಬಗ್ಗೆ, ಈ ಬರಹ.

ನನ್ನ ಸಂಶೋಧನೆ ಕೊಳ್ಳೇಗಾಲ, ಚಾಮರಾಜನಗರದ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳ ಹಾಡುಗಳ ಮೇಲೆ. ಸೋಬಾನೆ ಪದ, ರಾಗಿ ಬೀಸುವಾಗಿನ ಪದ, ಸಾವಿನ ಮನೆಯ ಹಾಡು. ನಾಲ್ಕು ವರ್ಷಗಳಲ್ಲಿ 62 ಗಂಟೆಗಳಷ್ಟು ಧ್ವನಿ ಸೇರಿದೆ. ಒಳ್ಳೆಯ ಗುಣಮಟ್ಟದಲ್ಲಿ ದಾಖಲಿಸಿದರೆ ಒಂದು ಗಂಟೆಗೆ ಸುಮಾರು ಒಂದು ಜಿಬಿ ಬೇಕು. ಎಲ್ಲ ಸೇರಿ 64 ಜಿಬಿ ಆಗಿದೆ. ಇವತ್ತಿನ ಲೆಕ್ಕದಲ್ಲಿ ಇದೇನೂ ದೊಡ್ಡದಲ್ಲ, ಬೆರಳುದ್ದದ ಪೆನ್‌ಡ್ರೈವಿನಲ್ಲಿ ಹಿಡಿದುಬಿಡುತ್ತದೆ. ಆದರೆ ಅದರಲ್ಲಿ ಒಂದಿಷ್ಟು ಪದಗಳನ್ನು ಈಗ ಹಾಡುವವರು ಒಬ್ಬಿಬ್ಬರೇ. ಅಂಥವರಲ್ಲಿ ಒಬ್ಬರು ಈ ಬರಹದಲ್ಲಿ ಬರುವ ಅಜ್ಜಿ.

ಸಾವಿನ ಮನೆಯ ಹಾಡುಗಳನ್ನು ಹಾಡುವ ಮುಂಚೆ ಅಜ್ಜಿ ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದರು. "ಈ ಪದವ ಊರಿಗೆಲ್ಲಾ ಕೇಳಿಸ್ಬ್ಯಾಡ ಕನ ಮಗ. ಇದು ಮದ್ವೆ ಮನೇಲಿ ಕಿವಿಗ್ ಬೀಳ್ಬಾರ್ದು." ಆಮೇಲೆ ಕೇಳಿದರು, "ಇದ್ನೆಲ್ಲಾ ಎಲ್ಲಿ ಮಡಗೀಯ?" ನಮ್ಮ ಆ ಕಡೆಯ ಮಾತಿನಲ್ಲಿ ಮಡಗುವುದು ಅಂದರೆ ಇಡುವುದು. ನನ್ನ ಹತ್ತಿರವೇ ಜೋಪಾನವಾಗಿ ಇಡುತ್ತೇನೆ ಅಜ್ಜಿ, ಎಂದೆ.

ಸ್ವಂತ ಸರ್ವರಿನ ಯೋಚನೆ ಬಂದದ್ದು ಆ ಮಾತಿನಿಂದ. ದೊಡ್ಡ ಕಂಪನಿಗಳ ಜಾಗದಲ್ಲಿ ಇಡುವುದು ಸುಲಭ. ಆದರೆ ನಾನು ಮಾತು ಕೊಟ್ಟ ವಸ್ತುವನ್ನು, ನನಗೆ ಉತ್ತರ ಹೇಳಬೇಕಿಲ್ಲದ ಇನ್ನೊಬ್ಬರ ಕೈಗೆ ಒಪ್ಪಿಸಲು ಮನಸ್ಸಾಗಲಿಲ್ಲ. ದೊಡ್ಡವರ ಹತ್ತಿರ ಇದ್ದದ್ದೆಲ್ಲ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. ಒಂದು ಕಾಲಕ್ಕೆ ಕೋಟ್ಯಂತರ ಜನ ಬಳಸುತ್ತಿದ್ದ ಮೈಸ್ಪೇಸ್ ತಾಣ, ಹನ್ನೆರಡು ವರ್ಷಗಳ ಕಾಲ ಜನ ಅಲ್ಲಿ ಏರಿಸಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಹೋಗಿಬಿಟ್ಟಿವೆ ಎಂದು ಒಪ್ಪಿಕೊಂಡದ್ದು 2019ರಲ್ಲಿ ಸುದ್ದಿಯಾಗಿತ್ತು.

ಹೀಗೆ ಪ್ರಯೋಗಾಲಯದವರು ಬೇಡವೆಂದು ತೆಗೆದಿಟ್ಟಿದ್ದ ಒಂದು ಡೆಸ್ಕ್‌ಟಾಪ್ ಕೇಳಿ ತಂದೆ. ಡೆಬಿಯನ್ ಲಿನಕ್ಸ್ ಹಾಕಿದೆ. ಒಳಗೆ ಒಂದು ಹಾರ್ಡ್ ಡಿಸ್ಕು. ಬ್ಯಾಕಪ್‌ಗೆಂದು ಯುಎಸ್‌ಬಿ ತಂತಿಯಲ್ಲಿ ಹೊರಗಿನಿಂದ ಜೋಡಿಸಿದ ಇನ್ನೊಂದು. ಕರೆಂಟು ಹೋದಾಗಿಗೆ ಒಂದು ಯುಪಿಎಸ್. ಸರ್ವರ್ ಎಂದರೆ ಇಷ್ಟೇ: ಸದಾ ಎಚ್ಚರವಾಗಿದ್ದು, ಕೇಳಿದವರಿಗೆ ಕೇಳಿದ್ದನ್ನು ಕೊಡುವ ಕಂಪ್ಯೂಟರು. ನಾನು, ನನ್ನ ಮಾರ್ಗದರ್ಶಕರು, ಇನ್ನಿಬ್ಬರು ಸಂಶೋಧಕ ಗೆಳೆಯರು ಅದನ್ನು ಬಳಸುತ್ತೇವೆ. ವಾರಕ್ಕೊಮ್ಮೆ ಅಪ್‌ಡೇಟ್ ಹಾಕಬೇಕು, ಡಿಸ್ಕಿನಲ್ಲಿ ಜಾಗ ಎಷ್ಟಿದೆ ನೋಡಬೇಕು, ಹೊರಗಿನಿಂದ ಯಾರಾದರೂ ಬಾಗಿಲು ತಟ್ಟುತ್ತಿದ್ದಾರೆಯೇ ಎಂದು ಲಾಗ್ ಓದಬೇಕು. ತಟ್ಟುವವರು ಇದ್ದೇ ಇರುತ್ತಾರೆ. ಇಂಟರ್‌ನೆಟ್ಟಿಗೆ ತೆರೆದುಕೊಂಡ ಯಾವ ಯಂತ್ರಕ್ಕೂ ದಿನವಿಡೀ ಯಾವ ಯಾವುದೋ ದೇಶದಿಂದ ಪಾಸ್‌ವರ್ಡ್ ಊಹಿಸುವ ಪ್ರಯತ್ನ ನಡೆಯುತ್ತಿರುತ್ತದೆ. ಇದೆಲ್ಲ ಪಾತ್ರೆ ತೊಳೆಯುವ ಹಾಗಿನ ಕೆಲಸ. ಮಾಡಿದ್ದು ಕಾಣುವುದಿಲ್ಲ, ಮಾಡದಿದ್ದರೆ ಮಾತ್ರ ಕಾಣುತ್ತದೆ. ಅದೂ ತಕ್ಷಣ ಕಾಣುವುದಿಲ್ಲ.

*

ಜೂನ್ ಎರಡನೇ ವಾರ, ಒಂದು ಸೋಮವಾರ ಬೆಳಿಗ್ಗೆ ಹೋದಾಗ ಸರ್ವರ್ ಆರಿಹೋಗಿತ್ತು. ಗುಂಯ್ ಎನ್ನುವ ಸದ್ದು ಇರಲಿಲ್ಲ. ಕೋಣೆಯ ನೆಲ ಆಗಷ್ಟೇ ಒರೆಸಿ ಒದ್ದೆಯಾಗಿತ್ತು. ನನ್ನ ಮನಸ್ಸಿನಲ್ಲಿ ಲೆಕ್ಕ ಆಗಲೇ ಮುಗಿದಿತ್ತು. ಗುಡಿಸುವಾಗ ಪ್ಲಗ್ ಕಿತ್ತಿದ್ದಾರೆ, ತಿರುಗಿ ಹಾಕಿದ್ದಾರೆ.

ವಿಭಾಗ ಗುಡಿಸಿ ಒರೆಸುವ ಅಕ್ಕ ಬೆಳಿಗ್ಗೆ ಏಳಕ್ಕೇ ಬರುತ್ತಾರೆ. ಅವರನ್ನು ಹುಡುಕಿಕೊಂಡು ಹೋಗಿ ಕೇಳಿದೆ. "ಅಕ್ಕಾ, ಹಿಂದಿನ ರೂಮಲ್ಲಿ ಪ್ಲಗ್ ತೆಗೆದ್ರಾ?"

"ಇಲ್ಲ ಮೇಡಂ, ನಾನು ಅದ್ರ ತಂಟೆಗೇ ಹೋಗಕಿಲ್ಲ."

"ಮತ್ತೆ ತಾನಾಗೇ ಆಫ್ ಆಯ್ತಾ? ಅದ್ರಲ್ಲಿ ಎಷ್ಟು ಜನರ ಕೆಲಸ ಇದೆ ಗೊತ್ತಾ ನಿಮಗೆ?"

ಅವರು ಏನೂ ಹೇಳಲಿಲ್ಲ. ಬಕೆಟ್ ಎತ್ತಿಕೊಂಡು ಮುಂದಿನ ಕೋಣೆಗೆ ಹೋದರು. ನಾನು ಒಂದು ಹಾಳೆಯಲ್ಲಿ ಕೆಂಪು ಅಕ್ಷರಗಳಲ್ಲಿ ‘ದಯವಿಟ್ಟು ಈ ಪ್ಲಗ್ ಮುಟ್ಟಬೇಡಿ’ ಎಂದು ಬರೆದು ಗೋಡೆಗೆ ಅಂಟಿಸಿದೆ. ಆ ಕೋಣೆಯನ್ನು ದಿನಾ ಗುಡಿಸುವವರು ಒಬ್ಬರೇ ಆದ್ದರಿಂದ, ಆ ಕಾಗದ ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು. ಬಟನ್ ಒತ್ತಿದೆ. ಸರ್ವರ್ ಎದ್ದಿತು. ಒಂದು ಹಾಡು ತೆರೆದು ನೋಡಿದೆ, ಸರಿಯಾಗಿ ಕೇಳಿಸಿತು. ಟೀ ಕುಡಿಯಲು ಹೋದೆ.

ಅವತ್ತು ನಾನು ಲಾಗ್ ನೋಡಲಿಲ್ಲ. ಕಾರಣ ಸಿಕ್ಕಿದ ಮೇಲೆ ನೋಡುವುದಕ್ಕೆ ಏನಿದೆ?

*

ನವೆಂಬರ್ ಮೊದಲ ವಾರ ಅಜ್ಜಿಯ ಮಗಳು ಫೋನ್ ಮಾಡಿದರು. ಅಜ್ಜಿಗೆ ಲಕ್ವ ಹೊಡೆದಿತ್ತು. ಜೀವಕ್ಕೆ ತೊಂದರೆಯಿಲ್ಲ, ಎಡಗೈ ಆಡುತ್ತದೆ, ಆದರೆ ಮಾತು ಬಿದ್ದುಹೋಗಿತ್ತು. "ಅವ್ವ ಹಾಡಿದ್ದ ನೀವು ಹಿಡ್ಕಂಡೋಗಿದ್ರಲ್ಲಾ ಮೇಡಂ, ಅದ್ಯಾನಾ ಸಿಕ್ಕದಾ? ಅವ್ವಂಗೆ ಕೇಳಿಸುವಾ ಅಂತ."

ಸಿಗುತ್ತದೆ ಅಕ್ಕ, ನಾಳೆಯೇ ತರುತ್ತೇನೆ ಎಂದು ಹೇಳಿ ವಿಭಾಗಕ್ಕೆ ಹೋದೆ. ಅಜ್ಜಿಯ ಕಡತ ತೆರೆದರೆ ಯಂತ್ರ ಕೆಲವು ಸೆಕೆಂಡು ಕಲ್ಲಿನಂತೆ ನಿಂತುಬಿಟ್ಟಿತು. ಆಮೇಲೆ ಹಾಡು ಶುರುವಾಯಿತು. ಹೀಗೆ ನಿಲ್ಲುವುದು ಒಂದೆರಡು ತಿಂಗಳಿಂದ ಇತ್ತು. ಹಳೆಯ ಯಂತ್ರ, ನೆಟ್‌ವರ್ಕ್ ನಿಧಾನ ಎಂದು ಸುಮ್ಮನಿದ್ದೆ. ಅವತ್ತು ಮಾತ್ರ ಹೆದರಿಕೆಯಾಯಿತು. ಲಾಗ್ ತೆರೆದೆ. ಡಿಸ್ಕಿನಿಂದ ಓದಲಾಗುತ್ತಿಲ್ಲ ಎಂಬ ಸಾಲುಗಳು ಒಂದರ ಕೆಳಗೊಂದು. ಹಾರ್ಡ್ ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂದು ಆ ವ್ಯವಸ್ಥೆಯ ಹೆಸರು. ಅದನ್ನು ಕೇಳಿದರೆ, 24 ಜಾಗಗಳಲ್ಲಿ ಓದುವುದು ಅನುಮಾನವಾಗಿದೆ ಎಂದಿತು. ಆ ಡಿಸ್ಕಿಗೆ ಏಳು ವರ್ಷ ವಯಸ್ಸು.

ಬ್ಯಾಕಪ್ ಇದೆಯಲ್ಲ ಎಂದು ಹೊರಗಿನ ಡಿಸ್ಕಿನ ಕಡೆ ತಿರುಗಿದೆ. ಅದರ ದೀಪ ಉರಿಯುತ್ತಿರಲಿಲ್ಲ.

ಏನಾಗಿತ್ತೆಂದು ಬಿಡಿಸಿಕೊಳ್ಳಲು ಆ ರಾತ್ರಿಯಿಡೀ ಬೇಕಾಯಿತು. ಜೂನ್ ತಿಂಗಳ ಆ ಭಾನುವಾರ ಬೆಳಗಿನ ಜಾವ 3 ಗಂಟೆ 12 ನಿಮಿಷಕ್ಕೆ ಲಾಗ್ ಒಂದು ವಾಕ್ಯದ ನಡುವೆ ನಿಂತಿತ್ತು. ಕರೆಂಟು ಹೋಗಿದೆ, ಬ್ಯಾಟರಿ ಸತ್ತ ಯುಪಿಎಸ್ ಒಂದು ಕ್ಷಣವೂ ಹಿಡಿದಿಲ್ಲ. ಕರೆಂಟು ತಿರುಗಿ ಬಂದ ಹೊಡೆತಕ್ಕೆ ಹೊರಗಿನ ಡಿಸ್ಕಿನ ಅಡಾಪ್ಟರ್ ಸುಟ್ಟಿದೆ. ಸೋಮವಾರ ನಾನು ಬಟನ್ ಒತ್ತಿದಾಗ, ಹೊರಗಿನ ಡಿಸ್ಕು ಸಿಗುತ್ತಿಲ್ಲ ಎಂದು ಯಂತ್ರ ಒಂದು ಸಾಲು ಬರೆದಿದೆ. ಬರೆದು, ಮುಂದೆ ಹೋಗಿದೆ. ಯಾಕೆಂದರೆ ‘ಆ ಡಿಸ್ಕು ಸಿಗದಿದ್ದರೂ ಚಿಂತೆಯಿಲ್ಲ, ನೀನು ಏಳು’ ಎಂದು ಅದಕ್ಕೆ ಹೇಳಿಕೊಟ್ಟವಳು ನಾನೇ. ರಾತ್ರಿ ಹೊತ್ತು ಯಂತ್ರ ಅರ್ಧಕ್ಕೆ ನಿಂತರೆ ನಾನು ಹಾಸ್ಟೆಲಿನಿಂದ ಓಡಿಬರಬೇಕಾಗುತ್ತದೆ ಎಂದು ಹಿಂದೆ ಆ ಒಂದು ಪದವನ್ನು ಸೇರಿಸಿದ್ದೆ.

ಇನ್ನೂ ಒಂದು ತಮಾಷೆಯಿದೆ. ಲಿನಕ್ಸಿನಲ್ಲಿ ಹೊರಗಿನ ಡಿಸ್ಕು ಒಂದು ಫೋಲ್ಡರಿನ ಹೆಸರಿನಲ್ಲಿ ಬಂದು ಕೂರುತ್ತದೆ. ಡಿಸ್ಕು ಬಾರದಿದ್ದರೂ ಫೋಲ್ಡರು ಇದ್ದೇ ಇರುತ್ತದೆ, ಮನೆಯವರು ಊರು ಬಿಟ್ಟು ಹೋದರೂ ಬಾಗಿಲ ಮೇಲೆ ಹೆಸರಿನ ಹಲಗೆ ಇರುವ ಹಾಗೆ. ರಾತ್ರಿ ಎರಡು ಗಂಟೆಗೆ ನಕಲು ಮಾಡುವ ನನ್ನ ಪುಟ್ಟ ಪ್ರೋಗ್ರಾಂ ಆ ಹಲಗೆಯನ್ನಷ್ಟೇ ನೋಡಿದೆ. 64 ಜಿಬಿಯನ್ನೂ ಆ ಫೋಲ್ಡರಿಗೆ, ಅಂದರೆ ಒಳಗಿನ ಅದೇ ಹಳೆಯ ಡಿಸ್ಕಿಗೆ, ನಿಷ್ಠೆಯಿಂದ ನಕಲು ಮಾಡಿದೆ. ಮೂಲವೂ ಅಲ್ಲೇ, ನಕಲೂ ಅಲ್ಲೇ. ಲಾಗಿನಲ್ಲಿ 147 ರಾತ್ರಿಗಳ ಮುಂದೆಯೂ ‘ಯಶಸ್ವಿ’ ಎಂದಿತ್ತು. ಅದು ಸುಳ್ಳಾಗಿರಲಿಲ್ಲ. ನಕಲು ಆಯಿತೇ ಎಂದು ಕೇಳಿದ್ದೆ, ಆಯಿತು ಎಂದಿತ್ತು. ಎಲ್ಲಿಗೆ ಎಂದು ನಾನು ಕೇಳಿರಲಿಲ್ಲ.

ರೆಕಾರ್ಡರಿನ ಕಾರ್ಡುಗಳನ್ನು ಮುಂದಿನ ಹಳ್ಳಿಗೆ ಹೋಗುವ ಮುಂಚೆ ಅಳಿಸಿಬಿಡುತ್ತಿದ್ದೆ. ಅಂದರೆ ಐದು ತಿಂಗಳು, ಅಜ್ಜಿಗೆ ಮಾತು ಬಿದ್ದುಹೋದ ಆ ವಾರವೂ ಸೇರಿ, ಅವರ ದನಿ ಇದ್ದದ್ದು ಸಾಯುತ್ತಿದ್ದ ಆ ಒಂದೇ ಡಿಸ್ಕಿನಲ್ಲಿ.

ಗೆಳೆಯನೊಬ್ಬನ ಹೊಸ ಡಿಸ್ಕು ಕಡ ತಂದು ಎಲ್ಲವನ್ನೂ ನಕಲು ಮಾಡಿದೆ. ಕೆಲವು ಕಡತಗಳು ಮೊದಲ ಸಲಕ್ಕೆ ಬರಲಿಲ್ಲ. ಮತ್ತೆ ಮತ್ತೆ ಓದಿಸಬೇಕಾಯಿತು. ದಾಖಲಿಸಿದ ದಿನವೇ ಪ್ರತಿ ಕಡತಕ್ಕೂ ಚೆಕ್‌ಸಮ್ ಎಂಬ ಒಂದು ಉದ್ದನೆಯ ಗುರುತು ತೆಗೆದಿಟ್ಟಿದ್ದೆ. ಕಡತದಲ್ಲಿ ಒಂದು ಚುಕ್ಕೆಯಷ್ಟು ಬದಲಾದರೂ ಆ ಗುರುತು ತಾಳೆಯಾಗುವುದಿಲ್ಲ. ಬೆಳಗಾಗುವ ಹೊತ್ತಿಗೆ 214 ಕಡತಗಳೂ ತಾಳೆಯಾದವು. ಏನೂ ಹೋಗಿರಲಿಲ್ಲ.

ಮಾರನೆಯ ದಿನ ಪೆನ್‌ಡ್ರೈವ್ ಮತ್ತು ಒಂದು ಸಣ್ಣ ಸ್ಪೀಕರ್ ತೆಗೆದುಕೊಂಡು ಊರಿಗೆ ಹೋದೆ. ಅಜ್ಜಿ ಮಂಚದ ಮೇಲೆ ಗೋಡೆಗೆ ಒರಗಿದ್ದರು. ತಮ್ಮದೇ ದನಿ ಕೇಳಿ ಮೊದಲು ಬೆಚ್ಚಿದರು. ಆಮೇಲೆ ಎಡಗೈಯ ಬೆರಳುಗಳು ಹೊದಿಕೆಯ ಮೇಲೆ ಸಣ್ಣಗೆ ಆಡತೊಡಗಿದವು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. "ಇಷ್ಟ್ ಜ್ವಾಪಾನವಾಗಿ ಮಡಗಿದ್ರಲ್ಲಾ ಮೇಡಂ. ನಿಮ್ಮ ಋಣ ತೀರಿಸಕಾಯ್ತದಾ?"

ನಾನು ತಲೆಬಾಗಿಸಿ ಸುಮ್ಮನಿದ್ದೆ. ಅವರು ಅದನ್ನು ವಿನಯ ಅಂದುಕೊಂಡಿರಬೇಕು.

*

ಬಸ್ಸಿನಲ್ಲಿ ತಿರುಗಿ ಬರುವಾಗ ನನ್ನೊಳಗೆ ವಕೀಲಿ ಶುರುವಾಯಿತು. ಏನೂ ಕಳೆದಿಲ್ಲ. ಯಾರಿಗೂ ನಷ್ಟವಾಗಿಲ್ಲ. ಗೊತ್ತಾದ ಕೂಡಲೇ ಸರಿಪಡಿಸಿದ್ದೇನೆ. ಹಾಗಿದ್ದ ಮೇಲೆ ತಪ್ಪು ಎಲ್ಲಿದೆ?

ಇಂಗ್ಲಿಷ್ ಗಣಿತಜ್ಞ ಡಬ್ಲ್ಯೂ. ಕೆ. ಕ್ಲಿಫರ್ಡ್ 1877ರಲ್ಲಿ ‘ನಂಬಿಕೆಯ ನೀತಿ’ಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಅದು ಒಬ್ಬ ಹಡಗಿನ ಮಾಲೀಕನ ಕಥೆಯಿಂದ ಶುರುವಾಗುತ್ತದೆ. ಹಡಗು ಹಳೆಯದು, ರಿಪೇರಿ ಬೇಕಿದೆ ಎಂಬ ಅನುಮಾನ ಅವನಿಗಿದೆ. ಆದರೆ ರಿಪೇರಿಗೆ ಖರ್ಚು. ಇಷ್ಟು ಸಲ ಸುರಕ್ಷಿತವಾಗಿ ಹೋಗಿ ಬಂದಿದೆ, ಈ ಸಲವೂ ಬರುತ್ತದೆ ಎಂದು ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಾನೆ. ಕೊನೆಗೆ ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಹಡಗು ಮುಳುಗುತ್ತದೆ. ಅವನು ತಪ್ಪಿತಸ್ಥ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆಗ ಕ್ಲಿಫರ್ಡ್ ಕಥೆಯನ್ನು ತಿರುಗಿಸುತ್ತಾನೆ. ಹಡಗು ಮುಳುಗಲಿಲ್ಲ, ಸುಖವಾಗಿ ದಡ ಸೇರಿತು ಅಂದುಕೊಳ್ಳಿ. ಆಗ ಅವನ ತಪ್ಪು ಕಡಿಮೆಯಾಯಿತೇ? ಒಂದಿಷ್ಟೂ ಇಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ, ಅಷ್ಟೇ. ಇದನ್ನು ಬರೆದವನು ಸ್ವತಃ ಹಡಗು ಒಡೆದು ಬದುಕುಳಿದವನು. 1870ರಲ್ಲಿ ಸೂರ್ಯಗ್ರಹಣ ನೋಡಲು ಹೊರಟ ತಂಡದಲ್ಲಿದ್ದಾಗ ಅವನಿದ್ದ ಹಡಗು ಸಿಸಿಲಿಯ ಬಳಿ ಒಡೆದಿತ್ತು.

ಸುಮಾರು ನೂರು ವರ್ಷಗಳ ನಂತರ, 1976ರಲ್ಲಿ, ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ನೈತಿಕತೆಯಲ್ಲಿ ಅದೃಷ್ಟದ ಪಾಲೆಷ್ಟು ಎಂಬ ಪ್ರಶ್ನೆಯನ್ನು ಎತ್ತಿಕೊಂಡರು. ನೇಗಲ್ ಕೊಡುವ ಒಂದು ಉದಾಹರಣೆಯೂ ರಿಪೇರಿಯದೇ. ಬ್ರೇಕ್ ಪರೀಕ್ಷಿಸದೆ ಲಾರಿ ಓಡಿಸಿದ ಚಾಲಕ. ರಸ್ತೆಗೆ ಮಗು ಅಡ್ಡ ಬಂದರೆ ಅವನು ಜೀವನವಿಡೀ ನರಳುತ್ತಾನೆ. ಬಾರದಿದ್ದರೆ ಅವನಿಗೆ ನೆನಪೂ ಇರುವುದಿಲ್ಲ. ಅಲಕ್ಷ್ಯ ಎರಡರಲ್ಲೂ ಒಂದೇ. ಬೇರೆಯಾದದ್ದು ಅವನ ಕೈಯಲ್ಲಿಲ್ಲದ ಸಂಗತಿ. ಆದರೂ ನಾವು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ತೂಗಬೇಕೇ ಎಂಬುದು ಅವನ ಪ್ರಶ್ನೆ.

ಹಡಗು, ಬ್ರೇಕು ಎರಡೂ ನೋಡಿಕೊಳ್ಳುವ ಕೆಲಸದ ಉದಾಹರಣೆಗಳು ಎಂಬುದನ್ನು ನಾನು ಅದುವರೆಗೆ ಗಮನಿಸಿರಲಿಲ್ಲ. ಓದುವಾಗ ಅವು ಬರೀ ಉದಾಹರಣೆಗಳಾಗಿದ್ದವು. ಬಸ್ಸಿನಲ್ಲಿ ಕೂತು ಯೋಚಿಸಿದಾಗ ನೇಗಲ್ ಹೇಳಿದ ಅದೃಷ್ಟಕ್ಕೆ ಇನ್ನೊಂದು ಮಗ್ಗುಲು ಕಂಡಿತು. ನಿಂದೆ ಅದೃಷ್ಟದ ಮೇಲೆ ನಿಂತ ಹಾಗೆ ಕೃತಜ್ಞತೆಯೂ ನಿಲ್ಲುತ್ತದೆ. ನಾನು ತಿಂಗಳಿಗೊಮ್ಮೆ ಡಿಸ್ಕು ಪರೀಕ್ಷಿಸಿ, ಬ್ಯಾಕಪ್ ತೆರೆದು ನೋಡಿ, ಆದರೂ ಸಿಡಿಲು ಹೊಡೆದು ಎಲ್ಲ ಸುಟ್ಟುಹೋಗಿದ್ದರೆ, ಅಜ್ಜಿಯ ಮಗಳು ನನ್ನ ಕೈ ಹಿಡಿಯುತ್ತಿರಲಿಲ್ಲ. ಏನೂ ನೋಡದ ನನಗೆ ಋಣದ ಮಾತು ಸಿಕ್ಕಿತು. ಕ್ಲಿಫರ್ಡ್‌ನ ಲೆಕ್ಕದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಜೋಪಾನವಾಗಿದೆ ಎಂದು ನಂಬುವ ಹಕ್ಕು ನನಗಿತ್ತೇ? ಜೂನ್‌ನಿಂದ ನವೆಂಬರ್‌ವರೆಗೆ ಇರಲಿಲ್ಲ. ಸದ್ದಿಲ್ಲದಿದ್ದದ್ದನ್ನೇ ನಾನು ಕ್ಷೇಮ ಅಂದುಕೊಂಡಿದ್ದೆ.

*

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಹಡಗಿನ ಮಾಲೀಕನ ಕಥೆಯಲ್ಲಿ ಇಲ್ಲದ ಒಂದು ಪಾತ್ರ. ಆ ಗೋಡೆಯ ಮೇಲಿನ ಕಾಗದ ಯಾರಿಗೆ ಬರೆದದ್ದೋ ಅವರು. ಭಾನುವಾರ ಬೆಳಗಿನ ಜಾವ 3 ಗಂಟೆ 12 ನಿಮಿಷಕ್ಕೆ ವಿಭಾಗಕ್ಕೆ ಬೀಗ ಹಾಕಿತ್ತು. ಅಕ್ಕ ತಮ್ಮ ಮನೆಯಲ್ಲಿದ್ದರು. ಸೋಮವಾರ ನಾನು ಲಾಗಿನ ಕೊನೆಯ ಸಾಲು ನೋಡಿದ್ದರೆ ಅದು ಅಲ್ಲೇ ಗೊತ್ತಾಗುತ್ತಿತ್ತು. ಯುಪಿಎಸ್ ಬ್ಯಾಟರಿಯ ಕಥೆಯೂ ಸುಟ್ಟ ಅಡಾಪ್ಟರಿನ ಕಥೆಯೂ ಅದರ ಹಿಂದೆಯೇ ಬರುತ್ತಿದ್ದವು. ಆ 147 ರಾತ್ರಿಗಳು ಇರುತ್ತಲೇ ಇರಲಿಲ್ಲ. ನೋಡುವ ಅಗತ್ಯವನ್ನು ಇಲ್ಲವಾಗಿಸಿದ್ದು ನನಗೆ ಸುಲಭವಾಗಿ ಸಿಕ್ಕಿದ ಅಪರಾಧಿ. ಅಕ್ಕನಿಗೆ ಮಾಡಿದ ಅನ್ಯಾಯ ಮತ್ತು ಅಜ್ಜಿಯ ವಿಷಯದಲ್ಲಿ ಮಾಡಿದ ಅಲಕ್ಷ್ಯ ಎರಡು ತಪ್ಪುಗಳಲ್ಲ, ಒಂದೇ ತಪ್ಪು.

ತಪ್ಪು ಹೊರಿಸುವುದು ಹುಡುಕಾಟವನ್ನು ನಿಲ್ಲಿಸಿಬಿಡುತ್ತದೆ ಎಂಬುದು ಸರ್ವರ್ ನೋಡಿಕೊಳ್ಳುವವರಿಗೆ ಗೊತ್ತಿರುವ ವಿಷಯ. ಅವಘಡವಾದ ಮೇಲೆ ಯಾರನ್ನೂ ದೂರದೆ, ಏನು ನಡೆಯಿತು ಎಂಬುದನ್ನಷ್ಟೇ ಸಾಲುಸಾಲಾಗಿ ಬರೆಯುವ ಪದ್ಧತಿ ಅವರಲ್ಲಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಎಂಜಿನಿಯರ್ ಒಬ್ಬರು, ದಣಿದ ರಾತ್ರಿಯಲ್ಲಿ, ಒಂದು ಸರ್ವರಿನಲ್ಲಿ ಅಳಿಸಬೇಕಾದ ದತ್ತಾಂಶವನ್ನು ಇನ್ನೊಂದರಲ್ಲಿ ಅಳಿಸಿಬಿಟ್ಟರು. ಬ್ಯಾಕಪ್ ತೆಗೆಯಲು ಹೋದರೆ ಒಂದೊಂದಾಗಿ ಯಾವುದೂ ಕೆಲಸಕ್ಕೆ ಬರಲಿಲ್ಲ. ದಿನದ ಬ್ಯಾಕಪ್ ಸಾಫ್ಟ್‌ವೇರ್ ಆವೃತ್ತಿಯ ವ್ಯತ್ಯಾಸದಿಂದ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ಎಚ್ಚರಿಸುವ ಮಿಂಚಂಚೆಗಳು ದೃಢೀಕರಣದ ನಿಯಮ ಪಾಲಿಸಿಲ್ಲವೆಂದು ತಿರಸ್ಕೃತವಾಗುತ್ತಿದ್ದವು. ಕೊನೆಗೆ ಬೇರೆ ಕಾರಣಕ್ಕೆ ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಉಳಿಸಿತು. ಆ ಆರು ಗಂಟೆಗಳದ್ದು ಹೋಯಿತು. ಸಂಸ್ಥೆ ಆ ಎಂಜಿನಿಯರನ್ನು ಬಲಿಕೊಡಲಿಲ್ಲ. ನಡೆದದ್ದೆಲ್ಲವನ್ನೂ ಬರೆದು ಪ್ರಕಟಿಸಿತು. ಅವರನ್ನು ಮನೆಗೆ ಕಳಿಸಿ ಸುಮ್ಮನಾಗಿದ್ದರೆ, ಎಚ್ಚರಿಕೆಯ ಕೂಗಿಗೆ ಕಿವಿಯೇ ಇರಲಿಲ್ಲ ಎಂಬ ನಿಜವಾದ ದೋಷ ಅಲ್ಲೇ ಉಳಿಯುತ್ತಿತ್ತು.

ಇದಕ್ಕೆ ಎದುರಾದ ಇನ್ನೊಂದು ಘಟನೆಯಿದೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದಿಂದ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿದರು. ಅರ್ಧ ಸೆಕೆಂಡು! ಅದನ್ನು ಬಿಡದೆ ಹಿಂಬಾಲಿಸಿದಾಗ, ಲಿನಕ್ಸ್ ಯಂತ್ರಗಳಲ್ಲೆಲ್ಲ ಇರುವ ಎಕ್ಸ್‌ಝಡ್ ಎಂಬ ಸಣ್ಣ ಉಪಕರಣದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿರುವುದು ಬಯಲಾಯಿತು. ಅದು ಪ್ರಪಂಚದ ಲೆಕ್ಕವಿಲ್ಲದಷ್ಟು ಸರ್ವರುಗಳಿಗೆ ಹರಡುವ ಮುಂಚೆಯೇ ಸಿಕ್ಕಿಬಿತ್ತು. ಆ ಉಪಕರಣವನ್ನು ವರ್ಷಗಟ್ಟಲೆ ಸಂಬಳವಿಲ್ಲದೆ, ಹೆಚ್ಚು ಕಡಿಮೆ ಒಬ್ಬರೇ ನೋಡಿಕೊಂಡು ಬಂದಿದ್ದರು. ಅವರು ದಣಿದಿದ್ದಾಗ ಸಹಾಯ ಮಾಡುವವನಂತೆ ಬಂದು ವಿಶ್ವಾಸ ಗಳಿಸಿದವನೇ ಆ ಬಾಗಿಲು ಇಟ್ಟದ್ದು. ಅಲ್ಲಿ ಒಬ್ಬರು ಅರ್ಧ ಸೆಕೆಂಡನ್ನು ಕಡೆಗಣಿಸಲಿಲ್ಲ. ನಾನು ಹಲವು ಸೆಕೆಂಡುಗಳನ್ನು ಎರಡು ತಿಂಗಳು ಕಡೆಗಣಿಸಿದೆ.

ನೋಡಿಕೊಳ್ಳುವವರು ಕಾಣದಿರುವುದು ಕಂಪ್ಯೂಟರಿನ ಜೊತೆ ಬಂದ ಸಮಸ್ಯೆಯಲ್ಲ. ನಮ್ಮ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿಸುವುದಕ್ಕೆ, ಕಟ್ಟಿಸಿದ ಕೆರೆಯ ದುರಸ್ತಿಗೆ ಬಿಟ್ಟುಕೊಡುತ್ತಿದ್ದ ಭೂಮಿ ಅಥವಾ ಫಸಲಿನ ಪಾಲು ಅದು. ಕೆರೆಯನ್ನು ಕಟ್ಟಿದರೆ ಸಾಲದು, ಹೂಳು ತುಂಬುತ್ತದೆ, ಏರಿ ಸವೆಯುತ್ತದೆ, ಆ ಕೆಲಸಕ್ಕೆ ಪ್ರತಿವರ್ಷ ಕೊಡುತ್ತಲೇ ಇರಬೇಕು ಎಂಬ ವಿವೇಕ ಆ ಪದದಲ್ಲಿದೆ. ಆದರೂ ಕಲ್ಲಿನ ಮೇಲೆ ಹೆಸರು ನಿಂತದ್ದು ಕಟ್ಟಿಸಿದವರದು. ರಾತ್ರಿ ತೂಬು ತೆಗೆದು ಮುಚ್ಚಿ, ಗದ್ದೆಗದ್ದೆಗೆ ನೀರು ಹಂಚಿ, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಹೇಳುತ್ತಿದ್ದ ನೀರಗಂಟಿ ನಮ್ಮ ಕಡೆ ಬಹುಪಾಲು ದಲಿತ ಮನೆಗಳವನು. ನೀರು ಸರಿಯಾಗಿ ಬಂದರೆ ಅವನ ಮಾತಿಲ್ಲ. ಬಾರದಿದ್ದರೆ ಮೊದಲು ಕರೆಸುವುದು ಅವನನ್ನೇ. ಹಿಂದಿನ ಕೋಣೆಯಲ್ಲಿ ನಾನು ಮಾಡಿದ್ದೂ ಇದನ್ನೇ. ಒಳಗೆ ಕೂತು ಕಮಾಂಡ್ ಬರೆಯುವ ನನ್ನ ನೋಡಿಕೊಳ್ಳುವಿಕೆಗೆ ‘ಸಿಸ್ಟಂ ಅಡ್ಮಿನ್’ ಎಂಬ ಹೆಸರಿದೆ. ಧೂಳು ಯಂತ್ರದೊಳಗೆ ಹೋಗದಂತೆ ದಿನಾ ಆ ಕೋಣೆ ಗುಡಿಸುವ ಅಕ್ಕನ ನೋಡಿಕೊಳ್ಳುವಿಕೆಗೆ ಆ ಕೆಂಪು ಅಕ್ಷರದ ಕಾಗದ ಸಿಕ್ಕಿತ್ತು.

*

ಹಾಗಾದರೆ ಎಲ್ಲವನ್ನೂ ಸದಾ ನೋಡುತ್ತಲೇ ಇರಬೇಕೇ? ಬ್ಯಾಕಪ್ ನೋಡಬೇಕು, ಅದನ್ನು ನೋಡುವ ಪ್ರೋಗ್ರಾಮನ್ನು ನೋಡಬೇಕು, ಆಮೇಲೆ ಅದನ್ನು ನೋಡುವವರನ್ನು. ಇದಕ್ಕೆ ಕೊನೆಯಿಲ್ಲ, ಹೀಗೆ ಬದುಕಲಾಗದು ಎಂಬ ಆಕ್ಷೇಪ ನ್ಯಾಯವಾದದ್ದು. ಅಜ್ಜಿ ನನ್ನನ್ನು ನಂಬಿದ್ದೇ ತಾವು ನೋಡುವ ಗೊಡವೆ ಬೇಡ ಎಂದು. ಒಬ್ಬರನ್ನೊಬ್ಬರು ನಂಬಿ ಬಿಡುವುದರ ಅರ್ಥವೇ ಅದು.

ನನಗೆ ಹೊಳೆದ ಮಟ್ಟಿಗೆ ಉತ್ತರ ಇಷ್ಟು. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು. ರಾತ್ರಿ ಎರಡು ಗಂಟೆಗೆ ನಕಲು ಮಾಡುವುದು ಕೆಲಸ. ಅಜ್ಜಿಗೆ ಮಾತು ಕೊಟ್ಟವಳು ನಾನು. ಪ್ರೋಗ್ರಾಂ ಯಾರಿಗೂ ಮಾತು ಕೊಟ್ಟಿಲ್ಲ. ಒಂದು ದಿನ ಅವರ ಮನೆಯಲ್ಲಿ ಅಜ್ಜಿ ಅವರೆ ಬೀಜದ ಗಡಿಗೆ ತೆಗೆದು, ಬೂದಿ ಕೊಡವಿ, ಮೊರದಲ್ಲಿ ಹರಡಿ ನೋಡುತ್ತಿದ್ದರು. ಬಿತ್ತನೆಗೆ ಇನ್ನೂ ತಿಂಗಳುಗಳಿದ್ದವಲ್ಲ ಎಂದು ಕೇಳಿದ್ದಕ್ಕೆ ಹೇಳಿದ್ದರು: "ಮಡಗ್ಬುಟ್ರೆ ಆಗೋಯ್ತಾ ಮಗ? ತಗ್ದು ತಗ್ದು ನೋಡ್ಬೇಕು. ಹುಳ ಯೋಳ್ಬುಟ್ಟು ಬಂದದಾ?" ಅವರು ದಿನಾ ಗಡಿಗೆ ತೆಗೆಯುತ್ತಿರಲಿಲ್ಲ. ತೆಗೆಯದೆಯೂ ಇರುತ್ತಿರಲಿಲ್ಲ. ಆ ಮಾತನ್ನು ನಾನು ದಾಖಲಿಸಿಕೊಂಡಿದ್ದೆ, ಕಡತಕ್ಕೆ ಸಂಖ್ಯೆ ಕೊಟ್ಟಿದ್ದೆ, ಪರೀಕ್ಷಿಸದ ಆ ಬ್ಯಾಕಪ್ಪಿನಲ್ಲೇ ಅದೂ ಇತ್ತು.

ಈಗ ಕೆಲವನ್ನು ಬದಲಾಯಿಸಿದ್ದೇನೆ. ಹೊರಗಿನ ಡಿಸ್ಕು ನಿಜವಾಗಿ ಬಂದು ಕೂತಿಲ್ಲದಿದ್ದರೆ ನಕಲು ಮಾಡುವ ಪ್ರೋಗ್ರಾಂ ಶುರುವಾಗುವುದೇ ಇಲ್ಲ. ಹಿಂದೆ ತೊಂದರೆಯಾದರೆ ಮಾತ್ರ ಸಂದೇಶ ಬರಬೇಕೆಂದಿತ್ತು. ಈಗ ಸರಿಯಿದ್ದರೆ ಪ್ರತಿ ಸೋಮವಾರ ಸಂದೇಶ ಬರುತ್ತದೆ, ಬಾರದಿದ್ದರೆ ನಾನು ಎದ್ದು ಹೋಗುತ್ತೇನೆ. ತಿಂಗಳ ಮೊದಲ ಭಾನುವಾರ ಬ್ಯಾಕಪ್ಪಿನಿಂದ ಯಾವುದಾದರೂ ಒಂದು ಕಡತ ಹೊರತೆಗೆದು, ಮೊದಲಿಂದ ಕೊನೆಯವರೆಗೆ ಕೇಳುತ್ತೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ.

ಕಾಗದ ಕಿತ್ತು ಹಾಕಿ ಅಕ್ಕನ ಹತ್ತಿರ ಹೋದೆ. ಅವತ್ತು ಪ್ಲಗ್ ತೆಗೆದದ್ದು ನೀವಲ್ಲ ಅಕ್ಕ, ನಾನು ಸುಮ್ಮನೆ ನಿಮ್ಮ ಮೇಲೆ ಹಾಕಿದೆ, ತಪ್ಪಾಯಿತು ಎಂದೆ. ಅವರಿಗೆ ಮೊದಲು ಯಾವ ದಿನ ಎಂದೇ ನೆನಪಾಗಲಿಲ್ಲ. "ಅಯ್ಯೋ ಬುಡಿ ಮೇಡಂ. ಏನ್ ಕಳ್ದೋದ್ರೂ ನಮ್ಮುನ್ನೇ ಕೇಳದು. ಅಭ್ಯಾಸ ಆಗೋಗದೆ." ಅವರು ನಗುತ್ತಲೇ ಹೇಳಿದರು. ಕ್ಷಮೆ ಸಿಕ್ಕಿತು ಎಂದು ನನಗೆ ಅನ್ನಿಸಲಿಲ್ಲ.

ಅಜ್ಜಿಯ ಮನೆಗೆ ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಮಗಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ನಿಮ್ಮವ್ವನ ದನಿ ಉಳಿದದ್ದು ನನ್ನ ಜೋಪಾನದಿಂದ ಅಲ್ಲ, ನೀವು ಅವತ್ತು ಫೋನ್ ಮಾಡಿದ್ದರಿಂದ ನಾನು ನೋಡಿದೆ, ಇಲ್ಲದಿದ್ದರೆ ಹೋಗುತ್ತಿತ್ತು ಎಂದೆ. ಬಯ್ಯಬಹುದು, ಅಥವಾ ‘ಹೋಗಲಿ ಬಿಡಿ’ ಎನ್ನಬಹುದು ಎಂದು ಎರಡಕ್ಕೂ ಸಿದ್ಧಳಾಗಿದ್ದೆ. ಅವರು ಒಂದಿಷ್ಟು ಹೊತ್ತು ಕಾಯಿ ಸುಲಿದು, ತಲೆ ಎತ್ತಿ ಕೇಳಿದರು:

"ಅಲ್ಲಾ ಮೇಡಂ, ನಮ್ಮವ್ವನ ಪದ ಇಷ್ಟ್ ದಿನ ನಮ್ ಮನೇಲಿ ಯಾಕಿರ್ನಿಲ್ಲ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಲೈಬ್ರರಿಗಳ ಲೋಕದಲ್ಲಿ ಒಂದು ತತ್ವವಿದೆ: ಹೆಚ್ಚು ಪ್ರತಿಗಳು ಹೆಚ್ಚು ಜನರ ಕೈಯಲ್ಲಿದ್ದರೆ ವಸ್ತು ಉಳಿಯುತ್ತದೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ ಇದೇ ತತ್ವದ ಮೇಲೆ ಒಂದು ವ್ಯವಸ್ಥೆಯನ್ನೇ ಕಟ್ಟಿದೆ. ನಾನು ಅದನ್ನು ಓದಿದ್ದೆ. ಊರಿಗೆಲ್ಲಾ ಕೇಳಿಸಬೇಡ ಎಂದ ಅಜ್ಜಿಯ ಮಾತನ್ನು, ಯಾರಿಗೂ ಕೊಡಬೇಡ ಎಂದು ನನ್ನ ಅನುಕೂಲಕ್ಕೆ ಹಿಗ್ಗಿಸಿಕೊಂಡಿದ್ದೆ. ಅವರ ಹಾಡು ಅವರ ಮನೆಯಲ್ಲಿ ಇರಬಾರದೆಂದು ಅವರು ಹೇಳಿರಲಿಲ್ಲ.

ಅವತ್ತು ಒಂದು ಪ್ರತಿ ಅಲ್ಲಿ ಬಿಟ್ಟು ಬಂದೆ. ಮಗಳು ಅದನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಆಧಾರ್ ಕಾರ್ಡು, ಪಹಣಿ ಇಡುವ ಪೆಟ್ಟಿಗೆಯಲ್ಲಿ ಮಡಗಿದರು. ಆಗಾಗ ಹಾಕಿ ಕೇಳುತ್ತಿರಿ ಅಕ್ಕ, ಹಾಗೇ ಇಟ್ಟರೆ ಹಾಳಾಗಬಹುದು ಎಂದೆ. "ಅವ್ವ ದಿನಾ ಕೇಳ್ತದೆ ಕನ್ರೀ," ಎಂದರು.

ಈ ತಿಂಗಳ ಮೊದಲ ಭಾನುವಾರ ನಾಳೆ. ಬೆಳಿಗ್ಗೆ ವಿಭಾಗಕ್ಕೆ ಹೋಗಬೇಕು. ಯುಪಿಎಸ್ಸಿನ ಹೊಸ ಬ್ಯಾಟರಿ ಹಾಕಿದ ತಾರೀಖನ್ನು ಅದರ ಮೇಲೇ ಬರೆದು ಅಂಟಿಸುವುದೂ ಬಾಕಿಯಿದೆ.